ಮಧ್ಯಂತರದಲ್ಲಿ ಭಜಿ ಕರಿಯುವವರು ಯಾರು?

ಸಹೋದರಿಯರೇ, ಗದಗ-ಬೆಟಗೇರಿಯವರಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರಿರಲಿ, 2024ರ ಜನವರಿ 13ರ ಸಂಜೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಕತಾರ್‌ನಲ್ಲಿ ಏಷ್ಯನ್ ಕಪ್ ಫುಟ್ಬಾಲ್. (ಕ್ರಿಕೆಟ್ಟಿನ ಏಷ್ಯಾ ಕಪ್ ಬೇರೆ.) ಭಾರತ-ಆಸ್ಟ್ರೇಲಿಯ ಪಂದ್ಯ ನಮ್ಮ ಗಡಿಯಾರದಲ್ಲಿ ಐದು ಗಂಟೆಗೆ, ಚಹಾದ ಹೊತ್ತಿಗೆ ಸರಿಯಾಗಿ. ಮನೆಯಲ್ಲಿ ಟಿವಿ ಹಚ್ಚಿದ್ದರೆ ಗಂಡ-ಮಕ್ಕಳು ಅದರ ಮುಂದೆ, ನೀವು ಮಿರ್ಚಿ ಭಜಿಯ ಬಾಣಲೆ ಮುಂದೆ. ಕೂಗು ಕೇಳಿ ಓಡಿ ಬರುವಷ್ಟರಲ್ಲಿ ಗೋಲು ಬಿದ್ದಾಗಿದೆ, ಅದೂ ನಮ್ಮ ಬಲೆಗೇ! ಅಂದು 0-2. ಮುಂದೆ ಉಜ್ಬೇಕಿಸ್ತಾನ್ ಎದುರು 0-3, ಸಿರಿಯಾ ಎದುರು 0-1. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ನಾಯಕರಾಗಿದ್ದ ತಂಡ ಒಂದೂ ಗೋಲು ಹೊಡೆಯದೆ ಮರಳಿತು. 2027ರ ಸೌದಿ ಅರೇಬಿಯಾದ ಟೂರ್ನಿಗೆ ನಮಗೆ ಅರ್ಹತೆಯೂ ಸಿಗಲಿಲ್ಲ.

ಹುಡುಗಿಯರನ್ನು ನೋಡಿ. 2025ರ ಜುಲೈ 5ರಂದು ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ ಮಹಿಳಾ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದು. ನಿಮ್ಮ ಮನೆಯಲ್ಲಿ ಯಾರಾದರೂ ಈ ಸುದ್ದಿ ಹೇಳಿದ್ದರೇ?

ಬರೀ ನೋಡುವುದಕ್ಕೂ ಹೆಣ್ಣುಮಕ್ಕಳು ಬೆಲೆ ತೆತ್ತಿದ್ದಾರೆ. ಇರಾನಿನ ಸಹರ್ ಖುದಾಯಾರಿ ಗಂಡಸಿನ ವೇಷದಲ್ಲಿ ಪಂದ್ಯ ನೋಡಲು ಹೋಗಿ ಬಂಧನಕ್ಕೊಳಗಾದಳು. ಜೈಲಿನ ಭಯದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಜೀವವನ್ನೇ ಕಳೆದುಕೊಂಡಳು. ಅಕ್ಟೋಬರ್ 10ರಂದು ಟೆಹರಾನಿನ ಆಜಾದಿ ಕ್ರೀಡಾಂಗಣದಲ್ಲಿ ಸಾವಿರಾರು ಮಹಿಳೆಯರು ಟಿಕೆಟ್ ಪಡೆದು ಕುಳಿತಿದ್ದರು. ಕಾಂಬೋಡಿಯ ವಿರುದ್ಧದ ಅರ್ಹತಾ ಪಂದ್ಯ. ಇರಾನ್ ಹೊಡೆದದ್ದು 14 ಗೋಲು.

ನಿಮಗೆ ಟಿಕೆಟಿನ ಚಿಂತೆಯೂ ಇಲ್ಲ. ಮುಂದಿನ ಪಂದ್ಯದ ದಿನ ಹಿಟ್ಟು ಮೊದಲೇ ಕಲಸಿಟ್ಟು, ಮಗಳನ್ನೂ ಕರೆದುಕೊಂಡು ಬಂದು ಕೂತುಬಿಡಿ. ಮಧ್ಯಂತರ 15 ನಿಮಿಷ ಇರುತ್ತದೆ. ಆಗ ಮಗ ಕರಿಯಲಿ.