ಹೆಗಲ ಮೇಲೆ ಕೆಂಪು ಪಟ್ಟಿ

ಮಕ್ಕಳೇ, ನಮ್ಮ ಜಮಖಂಡಿ, ಮುಧೋಳದ ಕಡೆ ಗೋವಿನಜೋಳದ ತೆನೆ ಹಾಲುಗಟ್ಟಿತೆಂದರೆ ಗಿಳಿಗಳ ಹಿಂಡು ಇಳಿಯಿತೆಂದೇ ಲೆಕ್ಕ. ರೈತರು ಡಬ್ಬಿ ಬಡಿದು ಓಡಿಸುತ್ತಾರೆ. ಇಂಥ ಊರಿನವನು ಗಿಳಿ ಅಪರೂಪವಾಗುತ್ತಿದೆ ಎಂದರೆ ನೀವು ನಗಬಹುದು. ಆದರೆ ನಾನು ಹೇಳಹೊರಟಿದ್ದು ಆ ಗಿಳಿಯ ಅಣ್ಣನ ಕಥೆ.

ಅದರ ಹೆಸರು ಅಲೆಕ್ಸಾಂಡ್ರಿನ್ ಗಿಳಿ. ದಂಡೆತ್ತಿ ಬಂದ ಅಲೆಕ್ಸಾಂಡರನ ಕಡೆಯವರು ಇದನ್ನು ಪಶ್ಚಿಮಕ್ಕೆ ಒಯ್ದರೆಂಬ ಮಾತಿನಿಂದ ಬಂದ ಹೆಸರು. ಹೊಲದ ಗಿಳಿ ಬಾಲ ಸೇರಿ ಸುಮಾರು 40 ಸೆಂ.ಮೀ. ಇದ್ದರೆ ಇದು 58 ಸೆಂ.ಮೀ. ದಪ್ಪ ಕೆಂಪು ಕೊಕ್ಕು, ಹೆಗಲ ಮೇಲೆ ದಟ್ಟ ಕೆಂಪು ಪಟ್ಟಿ. ಆ ಪಟ್ಟಿ ಕಂಡರೆ ಗುರುತು ತಪ್ಪುವುದಿಲ್ಲ. ನಮ್ಮ ಬಯಲಿನಲ್ಲಿ ಇದು ಹಾರುವುದನ್ನು ನಾನು ಕಂಡಿಲ್ಲ. ಪಂಜರದಲ್ಲಿ ಕಂಡಿದ್ದೇನೆ.

ದೊಡ್ಡ ಹಕ್ಕಿಗೆ ದೊಡ್ಡ ಪೊಟರೆ ಬೇಕು. ಅಂಥ ಪೊಟರೆ ಎಳೆಯ ಮರದಲ್ಲಿ ಎಲ್ಲಿ ಸಿಗಬೇಕು? ಹಳೆಯ ಮರ ಉರುಳಿದರೆ ಒಂದು ಜೋಡಿಯ ಮನೆಯೇ ಹೋಯಿತು. ಉಳಿದ ಮರಕ್ಕೆ ಕಳ್ಳರು ಹತ್ತುತ್ತಾರೆ. ಈ ಗಿಳಿ ಚೆನ್ನಾಗಿ ಮಾತಾಡುತ್ತದೆಂದು ಮರಿಗೆ ಭಾರಿ ಬೆಲೆ. ತಾಯಿ ಇಡುವುದು 2ರಿಂದ 4 ಮೊಟ್ಟೆ, ಮರಿ ಹಾರಲು ಸುಮಾರು ಏಳು ವಾರ. ಅಷ್ಟರೊಳಗೇ ಗೂಡು ಬರಿದು. ಬ್ಯಾಂಕಿನಲ್ಲಿ ಲೆಡ್ಜರು ಬರೆದ ನನಗೆ ಇದು ಜಮಾ ಇಲ್ಲದ, ಬರೀ ಖರ್ಚಿನ ಖಾತೆಯಂತೆ ಕಾಣುತ್ತದೆ. ಐಯುಸಿಎನ್ ಸಂಸ್ಥೆಯೂ ಇದನ್ನು ಅಪಾಯದ ಸಮೀಪಕ್ಕೆ ಬಂದ ಹಕ್ಕಿಗಳ ಪಟ್ಟಿಗೆ ಸೇರಿಸಿದೆ.

ತಪ್ಪು ನನ್ನದೂ ಇದೆ. ನಾನು ಹತ್ತು ವರ್ಷದವನಿದ್ದಾಗ ಸಂತೆಯಿಂದ ಗಿಳಿಮರಿ ತಂದಿದ್ದರು. ಸಾದಾ ಗಿಳಿಯೇ. ಹಸಿಮೆಣಸಿನಕಾಯಿ ಕೊಟ್ಟು 'ಅವ್ವಾ' ಎನ್ನಲು ಕಲಿಸಿದೆ. ಸಂಜೆ ಹುಣಸೆಮರದ ಮೇಲೆ ಹಿಂಡು ಕೂಗಿದಾಗಲೆಲ್ಲ ಅದು ಕಂಬಿಗೆ ತಲೆ ಬಡಿದುಕೊಳ್ಳುತ್ತಿತ್ತು. ಆಟವೆಂದು ತಿಳಿದು ನಾನು ಚಪ್ಪಾಳೆ ತಟ್ಟುತ್ತಿದ್ದೆ. ಆ ಮಳೆಗಾಲದಲ್ಲೇ ಸತ್ತಿತು.

ಕಳೆದ ವರ್ಷ ಬನಹಟ್ಟಿಯಲ್ಲಿ ಪರಿಚಯದವರ ಮನೆಗೆ ಮೊಮ್ಮಗನೊಡನೆ ಹೋಗಿದ್ದೆ. ಮಗ್ಗದ ಸದ್ದಿನ ಪಕ್ಕದಲ್ಲೇ ಪಂಜರ, ಒಳಗೆ ಕೆಂಪು ಪಟ್ಟಿಯ ಗಿಳಿ. ರೆಕ್ಕೆ ಕತ್ತರಿಸಿದ್ದರು. ಮೊಮ್ಮಗ ಬಾಗಿಲು ತೆರೆಯಲು ಕೈ ಹಾಕಿದ; ತಡೆದೆ. ಹಾರಲಾರದ ಹಕ್ಕಿ ಬೆಕ್ಕಿನ ಪಾಲಾದೀತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮ ದೇಶದ ಯಾವ ಕಾಡು ಗಿಳಿಯನ್ನೂ ಸಾಕುವಂತಿಲ್ಲ, ಅರಣ್ಯ ಇಲಾಖೆಯವರಿಗೆ ಒಪ್ಪಿಸಿ ಎಂದು ಮನೆಯವರಿಗೆ ಹೇಳಿದೆ.

"ಮಗಳಂತೆ ನೋಡಿಕೊಂಡಿದ್ದೇವೆ ಸರ್" ಎಂದರು ಅವರು, ಚಹಾ ತರಲು ಒಳಗೆ ಹೋದರು. ಗಿಳಿ ನಮ್ಮತ್ತ ತಿರುಗಿ, ಚೆನ್ನಾಗಿ ಕಲಿತ ಮಗುವಿನಂತೆ, "ಬರ್ರಿ, ಕೂಡ್ರಿ" ಎಂದಿತು.