ಸ್ಕ್ವಾಡ್ ಹೋದ ಮೇಲೆ

ಡಿಗ್ರಿ ಕಾಲೇಜಿನ ಪರೀಕ್ಷಾ ಕೊಠಡಿಗಳಲ್ಲಿ ನಾನು ಮೇಲ್ವಿಚಾರಕಿಯಾಗಿ ನಿಂತ ವರ್ಷಗಳು ಸುಮಾರಿವೆ. ಸ್ಕ್ವಾಡ್‌ನವರು ಬಂದು ಚೀಟಿ ಹಿಡಿದು, ಉತ್ತರ ಪತ್ರಿಕೆ ತೆಗೆದುಕೊಂಡು ಹೋದ ಮೇಲೆ ಕಾರಿಡಾರಿನ ಗೋಡೆಗೆ ಒರಗಿ ನಿಂತ ಮಕ್ಕಳು ಕೇಳುತ್ತಿದ್ದದ್ದು ಒಂದೇ ಮಾತು: “ಮೇಡಂ, ಡಿಬಾರ್ ಆದ್ನಲ್ಲ, ಇನ್ನು ನನ್ನ ಲೈಫ್ ಮುಗೀತಾ?”

ಮುಗಿಯುವುದಿಲ್ಲ. ಹಾಗಂತ ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳಿದರೆ ಅದೂ ಸುಳ್ಳು. ಆದರೆ ಎಷ್ಟೋ ಮಕ್ಕಳನ್ನು ವರ್ಷಗಟ್ಟಲೆ ಕಾಡಿದ ನಷ್ಟ ಶಿಕ್ಷೆಯಿಂದ ಬಂದದ್ದು ಕಡಿಮೆ. ಆರೋಪ ಬಂದ ಮೊದಲ ಕೆಲವು ದಿನ ಯಾರದೋ ಮಾತು ನಂಬಿ ಮಾಡಿಕೊಂಡ ಎಡವಟ್ಟಿನಿಂದ ಬಂದದ್ದೇ ಹೆಚ್ಚು. ಆ ಮಾತುಗಳಲ್ಲಿ ಕೆಲವನ್ನಾದರೂ ಇಲ್ಲಿ ಬಿಡಿಸಿ ನೋಡಬೇಕು.

ಮೊದಲನೆಯದು, ‘ಬುಕ್ ಮಾಡಿದರೆ ಡಿಬಾರ್ ಆದಂತೆಯೇ’ ಎಂಬುದು. ಕೊಠಡಿಯಲ್ಲಿ ಆಗುವುದು ವರದಿ ಮಾತ್ರ. ಅದು ಮುಖ್ಯ ಅಧೀಕ್ಷಕರ ಮೂಲಕ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಅಲ್ಲಿಯ ಪರೀಕ್ಷಾ ಅಕ್ರಮ ಸಮಿತಿ ನೋಟಿಸ್ ಕೊಟ್ಟು, ವಿದ್ಯಾರ್ಥಿಯ ಮಾತು ಕೇಳಿ ತೀರ್ಮಾನಿಸಬೇಕು. ಅಲ್ಲಿಯವರೆಗೆ ಫಲಿತಾಂಶ ತಡೆಹಿಡಿದಿರುತ್ತಾರೆ, ಅಷ್ಟೇ. ಆಯಾ ವಿಶ್ವವಿದ್ಯಾಲಯದ ನಿಯಮ ಮತ್ತು ತಪ್ಪಿನ ತೂಕ ನೋಡಿ ಒಂದು ಪತ್ರಿಕೆ ರದ್ದಾಗಬಹುದು, ಇಡೀ ಸೆಮಿಸ್ಟರ್ ರದ್ದಾಗಬಹುದು, ಮುಂದಿನ ಪರೀಕ್ಷೆಗಳಿಗೆ ನಿರ್ಬಂಧ ಬೀಳಬಹುದು. ಆರೋಪ ಸಾಬೀತಾಗದೆ ಬಿಟ್ಟುಬಿಡಲೂಬಹುದು.

ಮಾತು ಕೇಳಬೇಕೆಂಬುದು ಸಮಿತಿಯವರ ಔದಾರ್ಯವೇನಲ್ಲ. ಉತ್ತರ ಪ್ರದೇಶದಲ್ಲಿ 1954ರ ಇಂಟರ್‌ಮೀಡಿಯೆಟ್ ಪರೀಕ್ಷೆ ಪಾಸಾಗಿದ್ದ ಮೂವರ ಫಲಿತಾಂಶವನ್ನು ಪರೀಕ್ಷಾ ಮಂಡಳಿ ಅವರನ್ನು ಒಂದು ಮಾತೂ ಕೇಳದೆ ರದ್ದು ಮಾಡಿತು, ಮುಂದಿನ ವರ್ಷದ ಪರೀಕ್ಷೆಗೂ ಕೂರದಂತೆ ತಡೆಯಿತು. ಘನಶ್ಯಾಮ್ ದಾಸ್ ಗುಪ್ತಾ ಪ್ರಕರಣವೆಂದೇ ಹೆಸರಾದ ಆ ದಾವೆಯಲ್ಲಿ ಸುಪ್ರೀಂ ಕೋರ್ಟ್, ವಿದ್ಯಾರ್ಥಿಯ ಬದುಕಿಗೇ ಪೆಟ್ಟು ಕೊಡುವ ಇಂಥ ತೀರ್ಮಾನವನ್ನು ಅವನ ಅಹವಾಲು ಕೇಳದೆ ಮಾಡುವಂತಿಲ್ಲ ಎಂದಿತು. ಆ ತೀರ್ಪು ಬಂದದ್ದು 1962ರಲ್ಲಿ. ಗೆದ್ದವರು ಹುಡುಗರೇ, ಆದರೆ ಕೊನೆಯ ಮಾತು ಬರುವಷ್ಟರಲ್ಲಿ ಅವರ ಪ್ರಾಯದ ಎಂಟು ವರ್ಷ ಕಳೆದಿತ್ತು. ನಿರಪರಾಧಿಗೂ ಆರೋಪದ ಬೆಲೆ ಎಷ್ಟೆಂದು ಕೇಳುವವರಿಗೆ ನಾನು ಈ ಎಂಟು ವರ್ಷದ ಲೆಕ್ಕ ಹೇಳುತ್ತೇನೆ.

ಈ ಹಕ್ಕಿಗೂ ಒಂದು ಎಲ್ಲೆಯಿದೆ. ಇಡೀ ಪರೀಕ್ಷಾ ಕೇಂದ್ರದಲ್ಲೇ ಮಾಸ್ ಕಾಪಿ ನಡೆದಿದ್ದರೆ ಒಬ್ಬೊಬ್ಬರನ್ನೂ ಕರೆದು ಕೇಳಬೇಕಿಲ್ಲ ಎಂದು 1970ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಅಲ್ಲಿ ರದ್ದಾಗುವುದು ಪರೀಕ್ಷೆ, ಆರೋಪ ಯಾರೊಬ್ಬರ ಹೆಸರಿನ ಮೇಲೂ ಇರುವುದಿಲ್ಲ. ನಮ್ಮ ರಾಜ್ಯದ 545 ಪಿಎಸ್ಐ ಹುದ್ದೆಗಳ ನೇಮಕಾತಿ ನೆನಪಿರಬಹುದು. ಅಕ್ರಮ ಬಯಲಾಗಿ ಆಯ್ಕೆಪಟ್ಟಿಯೇ ರದ್ದಾದಾಗ, ಓದಿ ಪಾಸಾದವರೂ 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ ಬರೆಯಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಮಾತೆಂದರೆ, ‘ತಪ್ಪಾಯ್ತು ಅಂತ ಬರ್ಕೊಟ್ಬಿಡು, ಬಿಟ್ಬಿಡ್ತಾರೆ’ ಎಂಬ ಬುದ್ಧಿವಾದ. ಹೇಳುವವರು ಒಳ್ಳೆಯ ಮನಸ್ಸಿನವರೇ. ಗಾಬರಿಯಲ್ಲಿ ಕೈ ನಡುಗುತ್ತಿರುವ ಹತ್ತೊಂಬತ್ತರ ಹುಡುಗಿ ಯಾರೋ ಹೇಳಿ ಬರೆಸಿದ ನಾಲ್ಕು ಸಾಲಿಗೆ ಸಹಿ ಹಾಕುತ್ತಾಳೆ. ಮುಂದೆ ಸಮಿತಿಯ ಎದುರು ಅವಳ ವಿರುದ್ಧ ಬರುವ ಮೊದಲ ಸಾಕ್ಷಿ ಅದೇ ಕಾಗದ. ಸುಳ್ಳು ಹೇಳಿ ಎಂದು ನಾನು ಹೇಳುತ್ತಿಲ್ಲ. ಚೀಟಿ ನಿಮ್ಮದಾದರೆ ನಿಮ್ಮದೆಂದೇ ಬರೆಯಿರಿ, ಅಲ್ಲದಿದ್ದರೆ ಅಲ್ಲವೆಂದು ಬರೆಯಿರಿ. ಬೆಂಚಿನ ಕೆಳಗೆ ಸಿಕ್ಕಿದ್ದನ್ನು ನಿಮ್ಮ ಜೇಬಿನಲ್ಲಿ ಸಿಕ್ಕಿತೆಂದು ಬರೆದಿದ್ದರೆ ಸಹಿ ಹಾಕುವ ಮುಂಚೆ ತಿದ್ದಿಸಿ. ಮಾತು ನಿಮ್ಮದೇ ಆಗಿರಲಿ, ಬರೆದುಕೊಟ್ಟದ್ದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

‘ಚೀಟಿ ಇತ್ತು, ಆದ್ರೆ ನೋಡಿ ಬರೀಲಿಲ್ಲ’ ಎಂದರೆ ಪಾರಾಗಬಹುದೆಂಬ ನಂಬಿಕೆಯೂ ಇದೆ. ಇದು ನಡೆಯುವುದಿಲ್ಲ. ಸಿಬಿಎಸ್ಇ ವಿದ್ಯಾರ್ಥಿನಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಂಡಳಿಯ ನಿಯಮದ ಪ್ರಕಾರ ಅಂಥ ಕಾಗದ ಹತ್ತಿರ ಇಟ್ಟುಕೊಂಡದ್ದೇ ಅಕ್ರಮ, ಬಳಸಿದರೋ ಇಲ್ಲವೋ ಎಂಬುದು ಬೇಕಿಲ್ಲ ಎಂದಿದೆ. ಬಹುತೇಕ ಕಡೆ ನಿಯಮ ಹೀಗೇ ಇದೆ. ಕೊಠಡಿಗೆ ಹೋಗುವ ಮುಂಚೆ ಜೇಬು, ಪೌಚು, ಹಾಲ್ ಟಿಕೆಟ್ಟಿನ ಹಿಂಬದಿ ಎಲ್ಲ ನೋಡಿಕೊಳ್ಳಿ ಎಂದು ನಾವು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಪೊಲೀಸ್ ಕೇಸಿನ ಭಯ ಹೆಚ್ಚಿನಂಶ ಸುಮ್ಮನೆ. 2024ರಲ್ಲಿ ಜಾರಿಗೆ ಬಂದ ಕೇಂದ್ರದ ಕಾಯ್ದೆ ಯುಪಿಎಸ್‌ಸಿ, ಎಸ್‌ಎಸ್‌ಸಿ, ರೈಲ್ವೆ, ಎನ್‌ಟಿಎ ನಡೆಸುವಂಥ ಪರೀಕ್ಷೆಗಳದು. ಅದರ ಗುರಿ ಪ್ರಶ್ನೆಪತ್ರಿಕೆ ಸೋರಿಸುವ ಜಾಲಗಳು. ಕಾಲೇಜಿನ ಸೆಮಿಸ್ಟರ್ ಪರೀಕ್ಷೆಯಲ್ಲಿ ಚೀಟಿ ಸಿಕ್ಕರೆ ಅದು ಸಾಮಾನ್ಯವಾಗಿ ವಿಶ್ವವಿದ್ಯಾಲಯದೊಳಗಿನ ಶಿಸ್ತಿನ ವಿಷಯ. ಬೇರೆಯವರ ಹೆಸರಿನಲ್ಲಿ ಕೂತು ಪರೀಕ್ಷೆ ಬರೆದರೆ ಮಾತ್ರ ಮಾತೇ ಬೇರೆ. ಅದು ವಂಚನೆ, ಪೊಲೀಸರವರೆಗೆ ಹೋಗುತ್ತದೆ.

ಈಚೆಗೆ ಚೀಟಿಯ ಜಾಗಕ್ಕೆ, ಪ್ರಬಂಧಗಳಲ್ಲಿ ಹೋಲಿಕೆ ಹುಡುಕುವ ಸಾಫ್ಟ್‌ವೇರ್ ಬಂದಿದೆ. ‘ಸಾಫ್ಟ್‌ವೇರ್ ಶೇ 35 ತೋರಿಸಿತು, ಅಂದಮೇಲೆ ಕದ್ದದ್ದೇ’ ಎನ್ನುವ ಪ್ರಾಧ್ಯಾಪಕರನ್ನು ನೋಡಿದ್ದೇನೆ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿ ಹೇಳುವುದೇ ಬೇರೆ. ಮೂಲ ಹೇಳಿ ಉದ್ಧರಿಸಿದ್ದು, ಗ್ರಂಥಸೂಚಿ, ಸಾಮಾನ್ಯ ಪಾರಿಭಾಷಿಕ ಪದಗಳು ಲೆಕ್ಕಕ್ಕೆ ಬರುವಂತಿಲ್ಲ. ಪ್ರಬಂಧದಲ್ಲಿ ಹೋಲಿಕೆ ಶೇ 10ರವರೆಗಿದ್ದರೆ ದಂಡನೆಯಿಲ್ಲ. 10ರಿಂದ 40ರವರೆಗಾದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60ರವರೆಗಾದರೆ ತಿದ್ದಿದ್ದನ್ನು ಕೊಡಲು ಒಂದು ವರ್ಷದವರೆಗೆ ತಡೆ, ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ತೀರ್ಮಾನಿಸಬೇಕಾದದ್ದು ವಿಭಾಗ ಮತ್ತು ಸಂಸ್ಥೆಯ ಸಮಿತಿಗಳು, ಅದೂ ಸಹಜ ನ್ಯಾಯದ ತತ್ವ ಪಾಲಿಸಿ. ಯಂತ್ರ ಕೊಡುವುದು ಹೋಲಿಕೆಯ ಲೆಕ್ಕವನ್ನಷ್ಟೇ.

‘ಎಐ ಬರೆದದ್ದು’ ಎಂದು ಪತ್ತೆಹಚ್ಚುವ ಸಾಧನಗಳ ಮೇಲೆ ನನಗೆ ಇನ್ನೂ ಕಡಿಮೆ ನಂಬಿಕೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ತಾವೇ ಬರೆದ 91 ಟೋಫೆಲ್ ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಕೊಟ್ಟು ನೋಡಿದರು. ಸರಾಸರಿ ಶೇ 61ರಷ್ಟನ್ನು ಅವು ಯಂತ್ರ ಬರೆದದ್ದೆಂದವು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನ ಸರಿಯಾಗಿ ಗುರುತಿಸುತ್ತಿಲ್ಲವೆಂದು ಅದೇ ವರ್ಷ ಜುಲೈನಲ್ಲಿ ಹಿಂತೆಗೆದುಕೊಂಡಿತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಕಲಿತ ಸರಳ ಇಂಗ್ಲಿಷಿನಲ್ಲಿ ಎಚ್ಚರದಿಂದ ವಾಕ್ಯ ಕಟ್ಟುವ ನಮ್ಮ ಹುಡುಗರು ಇಂಥ ಯಂತ್ರಕ್ಕೆ ಸುಲಭವಾಗಿ ಸಿಕ್ಕಿಬೀಳುತ್ತಾರೆಂಬುದೇ ನನ್ನ ಸಂಕಟ. ಕರಡುಗಳನ್ನೂ ಟಿಪ್ಪಣಿಗಳನ್ನೂ ಅಳಿಸಬೇಡಿ. ನೀವೇ ಬರೆದದ್ದೆಂದು ತೋರಿಸಲು ಅವೇ ಆಧಾರ.

ಯಂತ್ರದ ಮಾತನ್ನೇ ತೀರ್ಪೆಂದುಕೊಂಡರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂಬುದಕ್ಕೆ ಬ್ರಿಟನ್ನಿನ ಟೋಯಿಕ್ ಪ್ರಕರಣವಿದೆ. ವೀಸಾಕ್ಕಾಗಿ ಬರೆಯಬೇಕಿದ್ದ ಆ ಇಂಗ್ಲಿಷ್ ಪರೀಕ್ಷೆಯಲ್ಲಿ ಕೆಲವು ಕೇಂದ್ರಗಳಲ್ಲಿ ಮೋಸ ನಡೆದದ್ದು ನಿಜ. ಆದರೆ 2011ರಿಂದ 2014ರವರೆಗಿನ ಸುಮಾರು 58,000 ಪರೀಕ್ಷೆಗಳಲ್ಲಿ ಶೇ 97ರಷ್ಟು ಅನುಮಾನಾಸ್ಪದವೆಂದು ಪರೀಕ್ಷೆ ನಡೆಸಿದ ಕಂಪನಿ ಯಂತ್ರದ ನೆರವಿನಿಂದ ಹೇಳಿತು, ಸರ್ಕಾರ ಅದನ್ನು ನೆಚ್ಚಿ ವೀಸಾ ರದ್ದು ಮಾಡುತ್ತಾ ಹೋಯಿತು. ಅದರಲ್ಲಿ ಭಾರತದ ವಿದ್ಯಾರ್ಥಿಗಳೂ ಇದ್ದರು. ಮೋಸ ಮಾಡದೆಯೂ ಸಿಕ್ಕಿಬಿದ್ದವರನ್ನು ಕಾಪಾಡುವ ಹೊಣೆಯನ್ನು ಸರ್ಕಾರ ಅಷ್ಟೇ ಗಟ್ಟಿಯಾಗಿ ಹೊರಬೇಕಿತ್ತೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿದ್ದು 2019ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಓದು ಬಿಟ್ಟು, ಸಾಲದ ಹೊರೆ ಹೊತ್ತು ಊರಿಗೆ ಮರಳಿದ್ದರು.

‘ಮುಂದೆ ಇದನ್ನೆಲ್ಲ ಯಾರೂ ಕೇಳಲ್ಲ, ಮುಚ್ಚಿಟ್ರಾಯ್ತು’ ಎನ್ನುವವರಿದ್ದಾರೆ. ಕೇಳುತ್ತಾರೆ. ಕೇಂದ್ರ ಸರ್ಕಾರಿ ನೌಕರಿಗೆ ಸೇರುವಾಗ ತುಂಬುವ ದೃಢೀಕರಣ ನಮೂನೆಯಲ್ಲೇ, ಯಾವುದಾದರೂ ಪರೀಕ್ಷೆಯಿಂದ ಡಿಬಾರ್ ಆಗಿದ್ದೀರಾ, ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟಿದ್ದೀರಾ ಎಂಬ ಪ್ರಶ್ನೆಯಿದೆ. ‘ಹೌದು’ ಎಂದು ಬರೆದು ವಿವರ ಕೊಟ್ಟವರ ವಿಷಯ ಪರಿಶೀಲನೆಗೆ ಹೋಗುತ್ತದೆ. ‘ಇಲ್ಲ’ ಎಂದು ಬರೆದು ಸಿಕ್ಕಿಬಿದ್ದವರ ಮೇಲೆ ಮಾಹಿತಿ ಮುಚ್ಚಿಟ್ಟ ಹೊಸ ಆರೋಪ ಬರುತ್ತದೆ, ಸೇರಿದ ಕೆಲಸವೂ ಹೋಗಬಹುದು. ಕಾಲೇಜಿನ ಹಳೆಯ ತಪ್ಪಿಗಿಂತ ಇದು ಎಷ್ಟೋ ದೊಡ್ಡದು. ಆದ್ದರಿಂದ ಸಮಿತಿಯ ಅಂತಿಮ ಆದೇಶದ ಪ್ರತಿಯನ್ನು ಜೋಪಾನವಾಗಿಡಿ. ಆರೋಪದಿಂದ ಮುಕ್ತರಾದವರಂತೂ ಕಳೆದುಕೊಳ್ಳಲೇಬಾರದು.

ಉಳಿದ ನಷ್ಟಗಳು ಸದ್ದು ಮಾಡದೆ ಬರುವಂಥವು. ಫಲಿತಾಂಶ ಬಾರದೆ ಕ್ಯಾಂಪಸ್ ಸಂದರ್ಶನ ತಪ್ಪುತ್ತದೆ, ಒಂದು ವರ್ಷದ ಗ್ಯಾಪ್‌ಗೆ ಹೋದಲ್ಲೆಲ್ಲ ಕಾರಣ ಹೇಳಬೇಕಾಗುತ್ತದೆ. ಮನೆಯಲ್ಲಿ ಹೇಳಲಾಗದ ಸಂಕಟ ಇದೆಲ್ಲಕ್ಕಿಂತ ದೊಡ್ಡದು. ಆ ಸಂಕಟದಲ್ಲಿ ಮಗು ಒಂಟಿಯಾಗದಂತೆ ನೋಡಿಕೊಳ್ಳುವುದು ನಮ್ಮಂಥವರ ಕೆಲಸ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಮ್ಮೆ ಇಬ್ಬರು ಒಂದೇ ದಿನ ಬುಕ್ ಆದರು. ‘ಇನ್ನೇನು ಬರೆದು ಪ್ರಯೋಜನ’ ಎಂದುಕೊಂಡ ಹುಡುಗ ಉಳಿದ ನಾಲ್ಕು ಪರೀಕ್ಷೆಗೆ ಬರಲೇ ಇಲ್ಲ. ಮುಂದೆ ಸಮಿತಿ ಅವನ ಒಂದೇ ಪತ್ರಿಕೆಯನ್ನು ರದ್ದು ಮಾಡಿತು. ಇನ್ನು ನಾಲ್ಕನ್ನು ಅವನೇ ಕಳೆದುಕೊಂಡಿದ್ದ. ಹುಡುಗಿ ಮಾರನೆಯ ಬೆಳಿಗ್ಗೆ ಊದಿದ ಕಣ್ಣಲ್ಲೇ ಹಾಲ್ ಟಿಕೆಟ್ ಹಿಡಿದು ಬಂದಳು. ನಾನು ರಿಜಿಸ್ಟರ್ ಮುಂದಿಟ್ಟೆ, ಅವಳು ಸಹಿ ಹಾಕಿ ತನ್ನ ನಂಬರಿನ ಬೆಂಚು ಹುಡುಕಿಕೊಂಡು ಹೋದಳು.