ಪಾಸು, ನಪಾಸು ಇಲ್ಲದ ಪರೀಕ್ಷೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಕಿವುಡರಿಗೆಂದೇ ಒಂದು ವಿಶ್ವವಿದ್ಯಾಲಯವಿದೆ. ಹೆಸರು ಗ್ಯಾಲೊಡೆಟ್. 1864ರಲ್ಲಿ ಅದಕ್ಕೆ ಪದವಿ ನೀಡುವ ಅಧಿಕಾರ ಕೊಟ್ಟ ಕಾಯ್ದೆಗೆ ಸಹಿ ಹಾಕಿದವರು ಅಬ್ರಹಾಂ ಲಿಂಕನ್. ಹೊರದೇಶಗಳ ಕಿವುಡ ವಿದ್ಯಾರ್ಥಿಗಳೂ ಅಲ್ಲಿಗೆ ಓದಲು ಹೋಗುತ್ತಾರೆ.

ಹೊಸಬರಿಗೆ ಅಲ್ಲಿ ಎದುರಾಗುವುದು ಒಂದಲ್ಲ, ಎರಡು ಭಾಷೆ. ಓದು ಬರಹಕ್ಕೆ ಇಂಗ್ಲಿಷ್, ಮಾತುಕತೆಗೆ ಅಮೆರಿಕದ ಸಂಜ್ಞಾ ಭಾಷೆ. ಸಂಜ್ಞೆ ಜಗತ್ತಿಗೆಲ್ಲ ಒಂದೇ ಎಂದು ನಂಬಿದವರು ಬಹಳ. ಆದರೆ ಹಾಗಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ನಮ್ಮಲ್ಲಿ ಎರಡೂ ಕೈ ಸೇರಿಸಿ ತೋರಿಸುವ ರೂಢಿ. ಅಲ್ಲಿ ಒಂದೇ ಕೈ. ಬೆಂಗಳೂರಿನಿಂದ ಹೋದ ಹುಡುಗಿ ತನ್ನ ಹೆಸರನ್ನು ಬೆರಳಿನಲ್ಲಿ ಹೇಳುವುದನ್ನೂ ಹೊಸದಾಗಿ ಕಲಿಯಬೇಕು!

ಇಂಥ ವಿದ್ಯಾರ್ಥಿಗಳಿಗೆ ಪಾಠ ಶುರುವಾಗುವ ಮುನ್ನ ಪರಿಚಯ ಕಾರ್ಯಕ್ರಮವೂ ಮಟ್ಟ ಗುರುತಿಸುವ ಪರೀಕ್ಷೆಯೂ ಬೇಕಾಗುವುದು ಅದಕ್ಕೇ. ಇದರಲ್ಲಿ ಪಾಸು, ನಪಾಸು ಇಲ್ಲ. ಓದಿ ತಿಳಿಯುವುದು, ಬರೆಯುವುದು ಎಷ್ಟು ಬರುತ್ತದೆಂದು ನೋಡಿ ತಕ್ಕ ತರಗತಿಗೆ ಕಳಿಸುವುದಷ್ಟೇ ಉದ್ದೇಶ. ಕೇಳಿಸಿಕೊಂಡು ಉತ್ತರಿಸುವ ಪ್ರಶ್ನೆ ಇವರಿಗೆ ಸಲ್ಲದು. ಸೂಚನೆಗಳೂ ಕಣ್ಣಿಗೆ ಕಾಣುವಂತಿರಬೇಕು. ಸೂಚನೆಯೇ ತಿಳಿಯದೆ ಉತ್ತರ ತಪ್ಪಿದರೆ ಅದು ಇಂಗ್ಲಿಷಿನ ಕೊರತೆಯಲ್ಲ.

ಕೆಳಗಿನ ತರಗತಿ ಸಿಕ್ಕಿತೆಂದು ಹೆತ್ತವರು ಎದೆಗುಂದಬೇಕಾಗಿಲ್ಲ. ಕಿವಿ ಕೇಳುವ ಮಗುವಿಗೆ ಭಾಷೆ ಆಡುತ್ತಾಡುತ್ತ ಬರುತ್ತದೆ. ಹುಟ್ಟುಕಿವುಡ ಮಗು ಇಂಗ್ಲಿಷನ್ನು ಹೆಚ್ಚಾಗಿ ಪುಟದಿಂದಲೇ ಕಲಿಯಬೇಕು. ಅದು ನಿಧಾನವಾದರೆ ದಡ್ಡತನವಲ್ಲ. ಹಟ ಹಿಡಿದು ಮೇಲಿನ ತರಗತಿಗೆ ಸೇರಿಸಿದರೆ ಪಾಠ ತಲೆಗೆ ಹತ್ತದೆ ಮಗು ಓದನ್ನೇ ಬಿಟ್ಟೀತು.

ಅಮೆರಿಕಕ್ಕೆ ಹೋಗಲಿ, ಬಿಡಲಿ, ಮನೆಯಲ್ಲಿ ದಿನಕ್ಕೊಂದು ಪುಟ ಓದಿಸಿ, ನಾಲ್ಕು ಸಾಲು ಬರೆಸಿ. ಅರ್ಥ ಹೇಳಿಕೊಡಲು ನೀವೂ ಸಂಜ್ಞೆ ಕಲಿಯಿರಿ.